ಪರದೇಶದಲ್ಲಿ ಅಕ್ಕಿಯ ವ್ಯಾಪಾರ

ಪರದೇಶದಲ್ಲಿ ಸರಕನ್ನಿಳಿಸಿ ಮಾರತಕ್ಕವರು ಕೇವಲ ಬೆಲೆಯನ್ನು ನಂಬಿ ಹೊರಡತಕ್ಕದ್ದಲ್ಲ. ಪಶ್ಚಿಮ ಆಫ್ರಿಕದ ನೈಜೀರಿಯವು ಇದಕ್ಕೆ ದೃಷ್ಟಾಂತವಾಗಿದೆ.

ಕನ್ನಡ ಕರಾವಳಿಯವರಂತೆ ಅಲ್ಲಿನ ಜನರಿಗೂ ಕುಚ್ಚಲಕ್ಕಿಯೇ ಪ್ರಿಯವಾದುದು; ಬೆಳತಿಗೆ ಅಕ್ಕಿಗೆ ಗಿರಾಕಿ ಕಡಿಮೆ. ಆದರೆ ರುಚಿಯನ್ನರಿತ ಮಾತ್ರಕ್ಕೆ ವ್ಯಾಪಾರವು ಸಾಗುವುದಿಲ್ಲ. 2015ನೆಯ ಜೂನ್ ತಿಂಗಳಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ಅಕ್ಕಿಯೂ ಸೇರಿ 41 ಬಗೆಯ ಸರಕುಗಳ ಆಮದಿಗೆ ವಿದೇಶೀ ನಾಣ್ಯವನ್ನು ಒದಗಿಸುವುದನ್ನು ನಿಲ್ಲಿಸಿತು. ಅನೇಕರು ನೆರೆಯ ಬೆನಿನ್ ದೇಶದ ಕೊಟೊನೂ ಬಂದರಿನಲ್ಲಿ ಅಕ್ಕಿಯನ್ನಿಳಿಸಿ ಗುಟ್ಟಾಗಿ ಗಡಿ ದಾಟಿಸಿದರು. 2019ನೆಯ ಆಗಸ್ಟಿನಲ್ಲಿ ಸರಕಾರವು ಗಡಿಗಳನ್ನೇ ಮುಚ್ಚಲು ಆ ದಾರಿಯೂ ಕಟ್ಟಿತು. 2020ರ ಡಿಸೆಂಬರಿನವರೆಗೆ ತೆರೆಯಲಿಲ್ಲ. ನಾಣ್ಯದ ನಿರ್ಬಂಧವು 2023ರ ಅಕ್ಟೋಬರಿನಲ್ಲಿ ರದ್ದಾಯಿತು.

ಆದುದರಿಂದ ಭತ್ತ ಬೆಳೆಯುವ ಯಜಮಾನರು ಇಂತಹ ವ್ಯಾಪಾರಿಗೆ ಉದ್ದರಿ ಕೊಡುವುದಕ್ಕೆ ಮುಂಚೆ ಗಿರಾಕಿಯ ರುಚಿ, ಆಮದಿನ ಕಟ್ಟಳೆ, ಹಣವು ಹಿಂದಿರುಗುವ ದಾರಿ, ಈ ಮೂರನ್ನೂ ವಿಚಾರಿಸಿ ತಿಳಿಯತಕ್ಕದ್ದು.