ಗಾಡಿ ಒಂದೇ ಕಡೆಗೆ ಎಳೆಯುವುದೇಕೆ?

ಮಂಗಳೂರಿನಿಂದ ಮೂಡಲಿಗೆ ಹೊರಟ ಹೆದ್ದಾರಿಗಳೆಲ್ಲವೂ ಘಟ್ಟವನ್ನೇರಲೇಬೇಕು. ಒಂದು ಶಿರಾಡಿಯ ದಾರಿಯಾದರೆ ಇನ್ನೊಂದು ಚಾರ್ಮಾಡಿಯದು, ಮತ್ತೊಂದು ಸಂಪಾಜೆಯದು. ಹೆದ್ದಾರಿಯನ್ನು ಬಿಟ್ಟು ತೋಟದ ಅಥವಾ ಕಾಡಿನ ದಾರಿಯನ್ನು ಹಿಡಿದೆವೆಂದರೆ ಕಲ್ಲು, ಕೊರಕಲು, ಮಳೆಗಾಲದಲ್ಲಿ ಮೊಣಕಾಲುದ್ದದ ಕೆಸರು. ಇಂಥ ಕಡೆ ನಾಲ್ಕು ಚಕ್ರಗಳಿಗೂ ಎಂಜಿನಿನ ಶಕ್ತಿ ಒದಗುವ ಜೀಪು, ಪಿಕಪ್‌ಗಳೇ ಗತಿ. ಕೊಡಚಾದ್ರಿಯನ್ನೇರುವ ಜೀಪುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಗಾಡಿಯ ಹೊಟ್ಟೆ ಕಲ್ಲಿಗೆ ತಾಗದಿರಲೆಂದು ಕೆಲವರು ಉದ್ದನೆಯ ಸ್ಪ್ರಿಂಗುಗಳನ್ನೂ ದೊಡ್ಡ ಟೈರುಗಳನ್ನೂ ಹಾಕಿಸಿ ಅದನ್ನು ಎರಡು ಮೂರು ಅಂಗುಲ ಎತ್ತರಿಸುವುದುಂಟು. ಆಮೇಲೆ ಅವರಿಂದ ಬರುವ ದೂರು ಸಾಮಾನ್ಯವಾಗಿ ಒಂದೇ: “ಎತ್ತರಿಸಿದಂದಿನಿಂದ ಗಾಡಿ ಎಡಕ್ಕೆ ಎಳೆಯುತ್ತದೆ.” ಒಂದು ಪಕ್ಕದಲ್ಲಿ ಬಂಡೆ, ಇನ್ನೊಂದು ಪಕ್ಕದಲ್ಲಿ ಕಣಿವೆ ಇರುವ ದಾರಿಯಲ್ಲಿ ಇದು ಅಲಕ್ಷಿಸತಕ್ಕ ಸಂಗತಿಯಲ್ಲ. ಇದರ ಕಾರಣವನ್ನು ಕಾಲೇಜಿನಲ್ಲಿ ಕಲಿಯುವ ಭೌತಶಾಸ್ತ್ರದ ಸಹಾಯದಿಂದಲೇ ಹುಡುಕಬಹುದೆಂಬುದನ್ನು ಇಲ್ಲಿ ನೋಡೋಣ.

ಫ್ರಾನ್ಸಿನ ವಿಜ್ಞಾನಿ ಪಿಯೆರ್ ಕ್ಯೂರಿ 1894ರಲ್ಲಿ ಒಂದು ತತ್ತ್ವವನ್ನು ಪ್ರತಿಪಾದಿಸಿದನು. ಪರಿಣಾಮದಲ್ಲಿ ಅಸಮತೆ ಕಂಡುಬಂದರೆ ಆ ಅಸಮತೆ ಕಾರಣಗಳಲ್ಲಿಯೂ ಇದ್ದೇ ಇರಬೇಕು ಎಂಬುದು ಅದರ ಸಾರ. ಹರಳುಗಳ ಅಧ್ಯಯನದಿಂದ ಮೂಡಿದ ಈ ಮಾತು ನಮ್ಮ ಪಿಕಪ್ಪಿಗೂ ಒಪ್ಪುತ್ತದೆ. ಗಾಡಿಯ ನಡುವೆ ಉದ್ದಕ್ಕೂ ಒಂದು ಕನ್ನಡಿಯನ್ನು ನಿಲ್ಲಿಸಿರುವುದಾಗಿ ಭಾವಿಸಿರಿ. ಎಡ ಅರ್ಧವು ಬಲ ಅರ್ಧದ ಪ್ರತಿಬಿಂಬದಂತೆಯೇ ಇದ್ದು, ನೆಲವೂ ಮಟ್ಟವಾಗಿದ್ದರೆ, ಗಾಡಿ ಎಡಕ್ಕೇ ಹೋಗಲು ಕಾರಣವೇನಿದೆ? ಎರಡು ಪಕ್ಕಗಳನ್ನೂ ಸಮನಾಗಿ ಎತ್ತರಿಸಿದ್ದರೆ ಎತ್ತರವೊಂದರಿಂದಲೇ ಎಳೆತ ಹುಟ್ಟಲಾರದು. ಆದುದರಿಂದ ನಾವು ಕೇಳಬೇಕಾದ ಪ್ರಶ್ನೆ “ಯಾವ ಭಾಗ ಕೆಟ್ಟಿದೆ?” ಎಂಬುದಲ್ಲ, “ಎಡಕ್ಕೂ ಬಲಕ್ಕೂ ವ್ಯತ್ಯಾಸ ಎಲ್ಲಿದೆ?” ಎಂಬುದು.

ಇದಕ್ಕೆ ಮುಂಚೆ ಮೂರು ಬಗೆಯ ದೂರುಗಳನ್ನು ಬೇರ್ಪಡಿಸಬೇಕು. ಗಾಡಿ ಸದಾ ಒಂದೇ ಪಕ್ಕಕ್ಕೆ ಸರಿದರೆ ಅದು ಎಳೆತ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂರಾಡಿದರೆ ಅದು ಅಲೆದಾಟ. ಗಾಡಿ ನೇರವಾಗಿಯೇ ಹೋಗುತ್ತಿದ್ದು ಸ್ಟಿಯರಿಂಗ್ ಚಕ್ರ ಮಾತ್ರ ಓರೆಯಾಗಿ ನಿಂತಿದ್ದರೆ ಅದು ಮೂರನೆಯ ಬಗೆ.

ಅಲೆದಾಟವನ್ನು ಎತ್ತರಿಸುವಿಕೆ ಸುಲಭವಾಗಿ ಉಂಟುಮಾಡಬಲ್ಲದು. ಸೈಕಲಿನ ಮುಂದಿನ ಕವಲು ಹಿಂದಕ್ಕೆ ಬಾಗಿರುವುದನ್ನು ನೀವು ಗಮನಿಸಿರಬಹುದು. ಮೋಟಾರು ಗಾಡಿಯ ಮುಂದಿನ ಚಕ್ರಗಳು ತಿರುಗುವ ಅಕ್ಷವೂ ಹಾಗೆಯೇ ತುಸು ಹಿಂದಕ್ಕೆ ಬಾಗಿರುತ್ತದೆ. ಈ ಕೋನಕ್ಕೆ ಕ್ಯಾಸ್ಟರ್ ಎಂದು ಹೆಸರು. ಇದರಿಂದಾಗಿ ಆ ಅಕ್ಷದ ಗೆರೆ, ಟೈರು ನೆಲವನ್ನು ಮುಟ್ಟುವ ಸ್ಥಳಕ್ಕಿಂತ ಸ್ವಲ್ಪ ಮುಂದೆ ನೆಲವನ್ನು ಸೇರುತ್ತದೆ. ಚಕ್ರ ಅದರ ಹಿಂದೆ ಎಳೆಯಲ್ಪಟ್ಟಂತೆ ಉರುಳಿ ತಾನಾಗಿಯೇ ನೇರವಾಗುತ್ತದೆ. ಚಕ್ರದ ತ್ರಿಜ್ಯ 38 ಸೆಂಟಿಮೀಟರ್, ಕೋನ 3 ಡಿಗ್ರಿ ಆಗಿದ್ದರೆ ಈ ಅಂತರ ಸುಮಾರು 2 ಸೆಂಟಿಮೀಟರ್. ಅನೇಕ ಗಾಡಿಗಳಲ್ಲಿ ಎತ್ತರಿಸಿದಾಗ ಕೋನ ಕುಗ್ಗುತ್ತದೆ. ಅದು 1 ಡಿಗ್ರಿಗೆ ಇಳಿದರೆ ಅಂತರವು ಸುಮಾರು 7 ಮಿಲಿಮೀಟರಿಗೆ ಇಳಿಯುತ್ತದೆ. ನೇರವಾಗುವ ಗುಣವೂ ಕುಂದುತ್ತದೆ. ಆದರೆ ಇದು ಎರಡು ಚಕ್ರಗಳಿಗೂ ಸಮವಾದ ನಷ್ಟ, ಎಳೆತವಲ್ಲ. ಹಾಗಿದ್ದರೂ ಇದನ್ನು ಮರೆಯಬಾರದು. ಮೊದಲೇ ಇದ್ದ ಸಣ್ಣದೊಂದು ಎಡಬಲದ ವ್ಯತ್ಯಾಸವನ್ನು ಅದುವರೆಗೆ ಅಡಗಿಸಿಟ್ಟಿದ್ದ ಗುಣ ಕುಂದಿದಾಗ, ಆ ವ್ಯತ್ಯಾಸ ಎಳೆತವಾಗಿ ಕೈಗೆ ತಿಳಿಯತೊಡಗುತ್ತದೆ. “ಎತ್ತರಿಸಿದಂದಿನಿಂದ” ಎಂಬ ದೂರಿನಲ್ಲಿ ಇಷ್ಟು ಸತ್ಯವಿದೆ.

ಇನ್ನು ವ್ಯತ್ಯಾಸವನ್ನು ಹುಡುಕೋಣ. ಮೊದಲನೆಯ ಆರೋಪಿ ಗಾಡಿಯಲ್ಲ, ರಸ್ತೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಆ ನೀರು ನಿಲ್ಲದೆ ಹರಿದುಹೋಗಲೆಂದು ರಸ್ತೆಯ ನಡುವನ್ನು ಎತ್ತರಿಸಿ ಅಂಚುಗಳನ್ನು ಇಳಿಜಾರಾಗಿಸುತ್ತಾರೆ. ನಾವು ಎಡಗಡೆ ಚಲಿಸುವವರಾದುದರಿಂದ ಗಾಡಿ ಯಾವಾಗಲೂ ಎಡಕ್ಕೆ ಇಳಿಯುವ ನೆಲದ ಮೇಲೆಯೇ ಇರುತ್ತದೆ. ಇಳಿಜಾರು ನೂರಕ್ಕೆ ಎರಡೂವರೆ ಇದ್ದರೆ, 2,000 ಕಿಲೋಗ್ರಾಂ ರಾಶಿಯ ಗಾಡಿಯ ತೂಕದಲ್ಲಿ ಎಡಕ್ಕೆ ಜಗ್ಗುವ ಘಟಕವೆಷ್ಟು? 2,000 × 9.8 × 0.025, ಎಂದರೆ 490 ನ್ಯೂಟನ್. ಒಂದು ದೊಡ್ಡ ಅಕ್ಕಿಮೂಟೆಯ ತೂಕದಷ್ಟು ಬಲವು ಸದಾ ಎಡಕ್ಕೆ ಜಗ್ಗುತ್ತಿರುವುದೆಂದಾಯಿತು!

ಆದುದರಿಂದ ಪರೀಕ್ಷೆಯನ್ನು ರಸ್ತೆಯಲ್ಲಿ ನಡೆಸಬಾರದು. ಜನ, ವಾಹನಗಳಿಲ್ಲದ ಗಟ್ಟಿನೆಲದ ವಿಶಾಲ ಬಯಲೊಂದನ್ನು ಆರಿಸಿರಿ. ಗಾಡಿ ಎರಡು ಚಕ್ರಗಳ ಚಾಲನೆಯಲ್ಲಿರಲಿ. ಒಣಗಿದ ಗಟ್ಟಿನೆಲದ ಮೇಲೆ ನಾಲ್ಕು ಚಕ್ರಗಳ ಚಾಲನೆಯಲ್ಲಿದ್ದರೆ ಅನೇಕ ಗಾಡಿಗಳ ಸ್ಟಿಯರಿಂಗು ಬಿಗಿದುಕೊಂಡು ಪರೀಕ್ಷೆ ಕೆಡುತ್ತದೆ. ಸೈಕಲಿನ ವೇಗದಲ್ಲಿ ಒಮ್ಮೆ ಉತ್ತರಕ್ಕೆ, ಅದೇ ಜಾಡಿನಲ್ಲಿ ಮತ್ತೊಮ್ಮೆ ದಕ್ಷಿಣಕ್ಕೆ ನಡೆಸಿರಿ; ಸ್ಟಿಯರಿಂಗನ್ನು ಸಡಿಲವಾಗಿ ಹಿಡಿದಿರಿ, ಕೈಬಿಡಬೇಡಿರಿ. ದಿಕ್ಕು ಬದಲಾದೊಡನೆ ಎಳೆತದ ಪಕ್ಕವೂ ಬದಲಾದರೆ ದೋಷ ನೆಲದ್ದು. ಎರಡು ಸಲವೂ ಎಡಕ್ಕೇ ಎಳೆದರೆ ದೋಷ ಗಾಡಿಯದು.

ಎರಡನೆಯದು ಟೈರು. ಎಡಟೈರಿನಲ್ಲಿ ಗಾಳಿ ಕಡಮೆಯಿದ್ದರೆ ಅದು ಹೆಚ್ಚಾಗಿ ಚಪ್ಪಟೆಯಾಗಿ ಉರುಳುವಿಕೆಗೆ ಹೆಚ್ಚು ತಡೆಯೊಡ್ಡುತ್ತದೆ. ಗಾಡಿ ಆ ಕಡೆಗೆ ಎಳೆಯುತ್ತದೆ. ಆದುದರಿಂದ ಟೈರುಗಳು ತಣ್ಣಗಿರುವಾಗ ಗಾಳಿಯನ್ನು ಅಳೆದು ಎರಡು ಪಕ್ಕಗಳಲ್ಲಿಯೂ ಸಮಮಾಡಬೇಕು. ಟೈರಿನ ಒಳಗಿನ ಪಟ್ಟಿ ನಡುವಿನಿಂದ ತುಸು ಸರಿದಿದ್ದರೂ ಎಳೆತ ಹುಟ್ಟುತ್ತದೆ. ಕಾಗದದ ಲೋಟವೊಂದನ್ನು ಮಲಗಿಸಿ ಉರುಳಿಸಿರಿ. ಅದು ನೇರವಾಗಿ ಹೋಗದೆ ಕಿರಿದಾದ ತುದಿಯ ಕಡೆಗೆ ಸುತ್ತುವರಿಯುತ್ತದೆ. ಅಂಥ ಟೈರೂ ಹೊರನೋಟಕ್ಕೆ ಸರಿಯಾಗಿ ಕಂಡರೂ ಉರುಳುವಾಗ ಲೋಟದಂತೆ ವರ್ತಿಸುತ್ತದೆ. ಇದನ್ನು ಪತ್ತೆಮಾಡುವ ಉಪಾಯ ಸುಲಭ: ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ, ಬೇರೇನನ್ನೂ ಮುಟ್ಟದೆ, ಪುನಃ ಬಯಲಿನಲ್ಲಿ ನಡೆಸಿರಿ. ಎಡದ ಎಳೆತ ಬಲಕ್ಕೆ ತಿರುಗಿದರೆ ಕಳ್ಳ ಸಿಕ್ಕಿದಂತಾಯಿತು. ಒಂದೇ ದಿಕ್ಕಿಗೆ ಉರುಳಬೇಕೆಂದು ಬಾಣದ ಗುರುತುಳ್ಳ ಟೈರುಗಳನ್ನು ಈ ಪರೀಕ್ಷೆ ಮುಗಿದೊಡನೆ ಸ್ವಸ್ಥಾನಕ್ಕೆ ಸೇರಿಸಬೇಕು.

ಮೂರನೆಯದು ಬ್ರೇಕು. ಕೆಸರು, ಮಳೆನೀರು, ಕಡಲ ಉಪ್ಪುಗಾಳಿ ಇವುಗಳಿಂದ ಬ್ರೇಕಿನ ಜಾರುಭಾಗಗಳಿಗೆ ತುಕ್ಕು ಹಿಡಿದು, ಕಾಲು ತೆಗೆದ ಮೇಲೂ ಒಂದು ಚಕ್ರ ಸ್ವಲ್ಪ ಹಿಡಿದೇ ಇರಬಹುದು. ಎಡಚಕ್ರದಲ್ಲಿ ಬಲಚಕ್ರಕ್ಕಿಂತ 200 ನ್ಯೂಟನ್ ತಡೆ ಹೆಚ್ಚಿದೆಯೆನ್ನಿ. ಅದು ಗಾಡಿಯ ನಡುಗೆರೆಯಿಂದ 0.75 ಮೀಟರ್ ದೂರದಲ್ಲಿದ್ದರೆ, ಗಾಡಿಯನ್ನು ಎಡಕ್ಕೆ ತಿರುಗಿಸುವ ಭ್ರಾಮಕ 150 ನ್ಯೂಟನ್-ಮೀಟರ್. ಬ್ರೇಕನ್ನು ಹೆಚ್ಚಾಗಿ ಒತ್ತದೆ ಕೆಲವು ಕಿಲೋಮೀಟರ್ ನಡೆಸಿ ನಿಲ್ಲಿಸಿ, ಎರಡು ಚಕ್ರಗಳ ಬಳಿಯೂ ಅಂಗೈಯನ್ನು ಹತ್ತಿರ ಹಿಡಿದು ನೋಡಿರಿ; ಲೋಹವನ್ನು ಮುಟ್ಟಬೇಡಿರಿ. ಘರ್ಷಣೆಯಿರುವಲ್ಲಿ ಶಾಖವಿರುತ್ತದೆ. ಬ್ರೇಕು ಒತ್ತಿದಾಗ ಮಾತ್ರ ಎಳೆತ ಕಂಡುಬಂದರೆ ಒಂದು ಪಕ್ಕದ ಬ್ರೇಕು ಇನ್ನೊಂದಕ್ಕಿಂತ ಬಲವಾಗಿ ಹಿಡಿಯುತ್ತಿದೆಯೆಂದು ತಿಳಿಯಬೇಕು. ಇಂಥ ಗಾಡಿಯನ್ನು ಘಟ್ಟಕ್ಕೆ ಒಯ್ಯಬಾರದು. ನುಣುಪಾದ ಒದ್ದೆ ರಸ್ತೆಯಲ್ಲಿ ಅದು ಅಡ್ಡ ತಿರುಗಿಬಿಡಬಹುದು.

ಇವೆಲ್ಲ ಸರಿಯಾಗಿದ್ದರೆ ಮಾತ್ರ ಕೋನಗಳ ಕಡೆಗೆ ತಿರುಗೋಣ. ನಾಣ್ಯವೊಂದನ್ನು ಓರೆಯಾಗಿ ಉರುಳಿಸಿದರೆ ಅದು ವಾಲಿದ ಕಡೆಗೇ ಬಳಸಿ ಹೋಗುತ್ತದೆ. ಮುಂದಿನ ಚಕ್ರವು ಲಂಬದಿಂದ ವಾಲಿರುವ ಕೋನಕ್ಕೆ ಕ್ಯಾಂಬರ್ ಎನ್ನುತ್ತಾರೆ. ಯಾವ ಪಕ್ಕದ ಚಕ್ರದ ತಲೆ ಹೆಚ್ಚಾಗಿ ಹೊರಕ್ಕೆ ವಾಲಿದೆಯೋ ಗಾಡಿ ಆ ಪಕ್ಕಕ್ಕೆ ಎಳೆಯುತ್ತದೆ. ಕ್ಯಾಸ್ಟರ್ ಕೋನ ಎರಡು ಪಕ್ಕಗಳಲ್ಲಿ ಬೇರೆಬೇರೆಯಾದರೆ, ಅದು ಕಡಮೆಯಿರುವ ಪಕ್ಕಕ್ಕೆ ಎಳೆತವುಂಟಾಗುತ್ತದೆ. ಹೊಸ ಸ್ಪ್ರಿಂಗುಗಳೆರಡೂ ಸಮವಾಗಿ ಕೂತಿವೆಯೇ ಎಂಬುದನ್ನು ಚಕ್ರದ ನಡುವಿನಿಂದ ಮೇಲಣ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಅಳೆಯಬಹುದು.

ಹಿಂದಿನ ಅಚ್ಚನ್ನೂ ಮರೆಯಬಾರದು. ಪಿಕಪ್ಪಿನಲ್ಲಿ ಅದು ಸಾಮಾನ್ಯವಾಗಿ ಪಟ್ಟಿ ಸ್ಪ್ರಿಂಗುಗಳ ಮೇಲಿರುತ್ತದೆ. ಎತ್ತರಿಸುವಾಗ ಅದನ್ನು ಬಿಚ್ಚಿ ಕೂರಿಸಿರುತ್ತಾರೆ. ಅದರ ಎಡತುದಿ 1 ಸೆಂಟಿಮೀಟರ್ ಹಿಂದಕ್ಕೆ ಸರಿದು ಕೂತಿದೆಯೆನ್ನಿ. ಚಕ್ರಗಳ ನಡುವಣ ಅಗಲ 150 ಸೆಂಟಿಮೀಟರ್ ಆದರೆ, ಅಚ್ಚು ಸುಮಾರು 0.4 ಡಿಗ್ರಿ ಓರೆಯಾಯಿತು. ಆಗ ಗಾಡಿಯ ಹಿಂಭಾಗ ಎಡಕ್ಕೆ ಸರಿಯಲೆಳಸುತ್ತದೆ, ಮೂತಿ ಬಲಕ್ಕೆ ತಿರುಗಲೆಳಸುತ್ತದೆ. ಮಟ್ಟವಾದ ನೆಲದಲ್ಲಿ ಗಾಡಿಯನ್ನು ನೇರವಾಗಿ ನಿಲ್ಲಿಸಿ, ಪ್ರತಿ ಚಕ್ರದ ನಡುವಿನಿಂದ ತೂಗುಗುಂಡನ್ನು ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿರಿ. ಮುಂದಿನ ಗುರುತಿಗೂ ಹಿಂದಿನದಕ್ಕೂ ಇರುವ ದೂರ ಎರಡು ಪಕ್ಕಗಳಲ್ಲಿಯೂ ಒಂದೇ ಇರಬೇಕು.

ಒಂದು ಆಕ್ಷೇಪವನ್ನು ಇಲ್ಲಿ ಎತ್ತಬಹುದು: ಗಾಡಿಯ ಎಲ್ಲ ಭಾಗಗಳೂ ಕನ್ನಡಿಯ ಪ್ರತಿಬಿಂಬದಂತಿವೆಯೇ? ಇಲ್ಲ. ಸುರುಳಿ ಸ್ಪ್ರಿಂಗುಗಳ ಮೇಲೆ ಕೂತ ಒಂಟಿ ಮುಂದಿನ ಅಚ್ಚನ್ನು ಅನೇಕ ಗಾಡಿಗಳಲ್ಲಿ ಒಂದು ಅಡ್ಡಸರಳು ಹಿಡಿದಿರುತ್ತದೆ. ಅದರ ಒಂದು ತುದಿ ಚೌಕಟ್ಟಿನಲ್ಲಿ, ಇನ್ನೊಂದು ಅಚ್ಚಿನಲ್ಲಿ. ಸರಳಿನ ಉದ್ದ 80 ಸೆಂಟಿಮೀಟರ್, ತುದಿಗಳ ಎತ್ತರದ ವ್ಯತ್ಯಾಸ 10 ಸೆಂಟಿಮೀಟರ್ ಇದ್ದುದು ಎತ್ತರಿಸಿದ ಮೇಲೆ 15 ಆಯಿತೆನ್ನಿ. ಪೈಥಾಗೊರಸನ ಪ್ರಮೇಯದಂತೆ ಅಡ್ಡಳತೆ 79.4ರಿಂದ 78.6 ಸೆಂಟಿಮೀಟರಿಗೆ ಇಳಿಯುತ್ತದೆ. ಅಚ್ಚು 8 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಸ್ಟಿಯರಿಂಗಿನ ಜೋಡಣೆಯ ಸರಳೂ ಹೀಗೆಯೇ ಓರೆಯಾಗುವುದರಿಂದ ಸ್ಟಿಯರಿಂಗ್ ಚಕ್ರ ಸೊಟ್ಟಗೆ ನಿಲ್ಲುತ್ತದೆ. ನಾವು ಹೇಳಿದ ಮೂರನೆಯ ದೂರು ಇದೇ. ಇದಕ್ಕೆ ಮದ್ದು ಸರಳುಗಳ ಉದ್ದವನ್ನು ಹೊಂದಿಸುವುದು, ಟೈರು ಬದಲಾಯಿಸುವುದಲ್ಲ.

ಕೊನೆಯಲ್ಲಿ ವೀಲ್ ಅಲೈನ್‌ಮೆಂಟ್ ಯಂತ್ರದಲ್ಲಿ ಕೋನಗಳನ್ನು ಅಳೆಸಬೇಕು. ಅದನ್ನೇ ಮೊದಲು ಮಾಡಿಸಿದರೆ ಯಂತ್ರವು ಹಿಡಿದಿರುವ ಬ್ರೇಕನ್ನಾಗಲಿ ಟೈರಿನ ಒಳದೋಷವನ್ನಾಗಲಿ ತೋರಿಸುವುದಿಲ್ಲ. ಗಾಡಿಯ ಮೂಲ ರಚನೆಯನ್ನು ಬದಲಾಯಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ಕಟ್ಟುನಿಟ್ಟಾದ ಮಿತಿಯನ್ನು ಹಾಕಿದೆಯೆಂಬುದನ್ನೂ ಎತ್ತರಿಸಹೊರಟವರು ಮೊದಲೇ ತಿಳಿದಿರಬೇಕು. ಎತ್ತರ ಹೆಚ್ಚಿದಷ್ಟೂ ಗುರುತ್ವಕೇಂದ್ರ ಮೇಲೇರಿ, ತಿರುವಿನಲ್ಲಿ ಮಗುಚುವ ಭಯ ಹೆಚ್ಚುತ್ತದೆ; ಆ ಮಿತಿ ಅರ್ಥವಿಲ್ಲದ್ದಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಉಳಿದುದನ್ನೆಲ್ಲ ಇದ್ದಂತೆಯೇ ಇಡುವುದು, ಫಲವನ್ನು ಬರೆದಿಡುವುದು: ಪ್ರಯೋಗಶಾಲೆಯಲ್ಲಿ ಲೋಲಕದ ಮುಂದೆ ನಿಂತು ಕಲಿತ ಕ್ರಮವೇ ಗ್ಯಾರೇಜಿನಲ್ಲಿಯೂ ಸಲ್ಲುತ್ತದೆ. ನಾಲ್ಕು ಭಾಗಗಳನ್ನು ಒಟ್ಟಿಗೆ ಬದಲಾಯಿಸಿದರೆ ಎಳೆತ ಹೋದರೂ ಕಾರಣ ತಿಳಿಯದು. ಅದು ಮರಳಿ ಬಂದಾಗ, ಬಹುಶಃ ಘಟ್ಟದ ನಡುವೆ, ನಾವು ಮೊದಲಿನಷ್ಟೇ ಅಜ್ಞರಾಗಿರುತ್ತೇವೆ.

ಓದುಗರು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ: ಮೇಲಿನ ಉದಾಹರಣೆಯ ಅಡ್ಡಸರಳು ಮೊದಲು ಪೂರ್ತಿ ಮಟ್ಟವಾಗಿದ್ದು, ಗಾಡಿಯನ್ನು ಅದೇ 5 ಸೆಂಟಿಮೀಟರ್ ಎತ್ತರಿಸಿದ್ದರೆ, ಅಚ್ಚು ಎಷ್ಟು ಸರಿಯುತ್ತಿತ್ತು? ಉತ್ತರ 8 ಮಿಲಿಮೀಟರಿಗಿಂತ ಬಹಳ ಕಡಮೆಯಾಗುವುದೇಕೆ?