ವಿಂಡೋಸ್ ಹನ್ನೊಂದು, ಮೂರು ಕ್ವಿಂಟಲ್ ಕೊಬ್ಬರಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್ ನಿಂತಿತು. 2015ರ ಜುಲೈನಲ್ಲಿ ಬಂದದ್ದು, ಹತ್ತು ವರ್ಷ ಬಾಳಿತು. ಅಂದಿನಿಂದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲೂ, ನಮ್ಮ ಅರಳಗುಪ್ಪೆಯಲ್ಲೂ ಒಂದೇ ಪ್ರಶ್ನೆ: ಹನ್ನೊಂದಕ್ಕೆ ಹೋಗಬೇಕೇ, ಅದಕ್ಕೆ ಈ ಕಂಪ್ಯೂಟರ್ ಒಗ್ಗದಿದ್ದರೆ ಹೊಸದು ತರಬೇಕೇ? ಇದು ಕಂಪ್ಯೂಟರ್ ಬಲ್ಲವರ ವಿಷಯವೆಂದು ಓದುವ ಮಕ್ಕಳಿಗೋ ಅಂಗಡಿಯವರಿಗೋ ಬಿಟ್ಟುಬಿಡುವುದು ವಾಡಿಕೆ. ಆದರೆ ತೀರ್ಮಾನದ ಖರ್ಚು ಬೀಳುವುದು ಮನೆಯ ಲೆಕ್ಕದ ಮೇಲೆ. ತೀರ್ಮಾನ ತಪ್ಪಿದರೆ ನಷ್ಟವೂ ಅಲ್ಲೇ. ಹಾಗಾಗಿ ಲೆಕ್ಕ ನೋಡುವವರೇ ಇದನ್ನು ಕೈಗೆ ತೆಗೆದುಕೊಳ್ಳಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಅಪ್‌ಡೇಟ್ ಬರುತ್ತಿರುವ ವ್ಯವಸ್ಥೆಯಿಲ್ಲದೆ ಒಂದು ದಿನವೂ ಬ್ಯಾಂಕಿನ ಕೆಲಸ ಮಾಡಬಾರದು. ಆದರೆ ಆ ಕಾರಣವೊಂದಕ್ಕೇ ಹೊಸ ಕಂಪ್ಯೂಟರಿಗೆ ದುಡ್ಡು ಹಾಕುವುದೂ ಬೇಡ.

ಹೊಸ ಕಂಪ್ಯೂಟರ್ ಅಂದರೆ ಏನು ಖರ್ಚು ಎಂಬುದನ್ನು ನಮ್ಮ ಕಡೆಯ ಅಳತೆಯಲ್ಲೇ ಹಾಕಿ ನೋಡೋಣ. ಮನೆಬಳಕೆಗೆ ಸಾಕಾಗುವ ಒಂದು ಲ್ಯಾಪ್‌ಟಾಪಿಗೆ ಜಿಎಸ್‌ಟಿ ಸೇರಿ 37,500 ರೂಪಾಯಿ ಎಂದು ಇಟ್ಟುಕೊಳ್ಳಿ. 2026ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿರುವ ಬೆಂಬಲ ಬೆಲೆ ಕ್ವಿಂಟಲಿಗೆ 12,500 ರೂಪಾಯಿ. ಅಲ್ಲಿಗೆ ಮೂರು ಕ್ವಿಂಟಲ್ ಕೊಬ್ಬರಿ. ಕೆಜಿಗೆ ಆರೇಳು ಕಾಯಿಯ ಲೆಕ್ಕದಲ್ಲಿ ಸುಮಾರು ಎರಡು ಸಾವಿರ ಕಾಯಿ, ಮರಕ್ಕೆ ಎಪ್ಪತ್ತು ಕಾಯಿ ಎಂದರೂ ಇಪ್ಪತ್ತೈದು ಮೂವತ್ತು ಮರಗಳ ಒಂದು ವರ್ಷದ ಫಸಲು. ಅದೂ ಕಿತ್ತ ಕೂಡಲೇ ಕೈಗೆ ಬರುವ ಹಣವಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಬೇಕು, ಸುಲಿಯಬೇಕು, ಒಡೆಯಬೇಕು, ತಿಪಟೂರಿನ ಎಪಿಎಂಸಿಗೆ ಹೋಗಬೇಕು. ಮಾರುಕಟ್ಟೆಯ ದರ ಬೆಂಬಲ ಬೆಲೆಗಿಂತ ಮೇಲಿದೆಯಲ್ಲ ಎನ್ನಬಹುದು. 2025ರ ನಡುವೆ ತಿಪಟೂರಿನಲ್ಲಿ ಅದರ ಎರಡು ಪಟ್ಟು ದಾಟಿದ್ದೂ ನಿಜ. ಆದರೆ 2023ರಲ್ಲಿ ಬೆಂಬಲ ಬೆಲೆ 11,750 ಇದ್ದಾಗ ಇದೇ ಮಾರುಕಟ್ಟೆಯಲ್ಲಿ ದರ ಒಂಬತ್ತು ಸಾವಿರದ ಕೆಳಗಿಳಿದು ರೈತರು ಬೀದಿಗಿಳಿಯಬೇಕಾಯಿತು. ಹೀಗೆ ಏರಿಳಿಯುವ ಆದಾಯದ ಮನೆಯಲ್ಲಿ, ಒಳ್ಳೆಯ ದರ ಸಿಕ್ಕ ವರ್ಷದ ಹಣ ಕೆಟ್ಟ ವರ್ಷಕ್ಕೆ ಮೀಸಲು. ಅದನ್ನು ಮುಟ್ಟುವಷ್ಟು ಬಲವಾದ ಕಾರಣ ಇದೆಯೇ ಎಂದು ಕೇಳಿಕೊಳ್ಳಬೇಕು.

ಕಾರಣ ಏನು ಎಂದು ತಿಳಿಯಲು ಅಪ್‌ಡೇಟ್ ನಿಲ್ಲುವುದು ಅಂದರೇನು ಎಂಬುದು ಗೊತ್ತಿರಬೇಕು. ವಿಂಡೋಸ್ 10 ನಾಳೆ ಬೆಳಿಗ್ಗೆ ಕೆಟ್ಟು ನಿಲ್ಲುವುದಿಲ್ಲ. ಬ್ರೌಸರ್ ತೆರೆಯುತ್ತದೆ, ಪ್ರಿಂಟರ್ ಓಡುತ್ತದೆ, ಪಹಣಿ ಬರುತ್ತದೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ಇದೇ ಗತಿಯಾದಾಗ ಕ್ರೋಮ್ ಬ್ರೌಸರ್ ಅದನ್ನು ಕೈಬಿಟ್ಟದ್ದು ಮೂರು ವರ್ಷ ಕಳೆದು, 2023ರ ಫೆಬ್ರುವರಿಯಲ್ಲಿ. ನಿಲ್ಲುವುದು ತಿಂಗಳು ತಿಂಗಳು ಬರುತ್ತಿದ್ದ ರಿಪೇರಿ ಮಾತ್ರ. ವ್ಯವಸ್ಥೆಯಲ್ಲಿ ಹೊಸದಾಗಿ ಪತ್ತೆಯಾಗುವ ಬಿರುಕುಗಳನ್ನು ಇನ್ನು ಯಾರೂ ಮುಚ್ಚುವುದಿಲ್ಲ, ಮತ್ತು ಆ ಬಿರುಕುಗಳ ಸುದ್ದಿ ಕಳ್ಳರಿಗೂ ಸಿಗುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ನೂರೈವತ್ತು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ, ಬಿಡಿಸಿಕೊಳ್ಳಲು ಮುನ್ನೂರು ಡಾಲರ್ ಕೇಳಿತು. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್‌ನಲ್ಲಿ, ರಿಪೇರಿ ಕೊಟ್ಟಾಗಿತ್ತು. ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ವಿಂಡೋಸ್ 7ರ ಯಂತ್ರಗಳು. ಆಗ ಅದಕ್ಕೆ ಬೆಂಬಲ ಇನ್ನೂ ಇತ್ತು. ಅಂದರೆ ಹಳೆಯ ವಿಂಡೋಸ್ ಎಂಬ ಕಾರಣಕ್ಕೆ ಅವು ಬಲಿಯಾಗಲಿಲ್ಲ, ರಿಪೇರಿ ಹಾಕಿಸಿಕೊಳ್ಳದ ಕಾರಣಕ್ಕೆ ಬಲಿಯಾದವು. ನನ್ನ ವಾದವೆಲ್ಲ ಈ ಘಟನೆಯ ಮೇಲೆ ನಿಂತಿದೆ. ನಾವು ಕೊಳ್ಳಬೇಕಾದದ್ದು ರಿಪೇರಿಯನ್ನು. ಹೊಸ ವಿಂಡೋಸ್ ಅದಕ್ಕೊಂದು ದಾರಿ, ಹೊಸ ಕಂಪ್ಯೂಟರ್ ಇನ್ನೊಂದು, ಅದೂ ಎಲ್ಲಕ್ಕಿಂತ ದುಬಾರಿಯಾದ ದಾರಿ.

ಕಡಿಮೆ ಖರ್ಚಿನ ದಾರಿಗಳಿವೆ. ಮೊದಲನೆಯದು, ಯಂತ್ರ ಒಪ್ಪಿದರೆ ಹನ್ನೊಂದಕ್ಕೆ ಹೋಗುವುದು. ಅಸಲಿ ವಿಂಡೋಸ್ 10 ಇರುವವರಿಗೆ ಅದು ಪುಕ್ಕಟೆ. ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ಕಂಪ್ಯೂಟರಿನ ವಿವರದಲ್ಲಿ ಐ3, ಐ5 ಎಂಬುದರ ಮುಂದೆ 8250 ಎಂಬಂತೆ ಎಂಟರಿಂದ ಶುರುವಾಗುವ ಸಂಖ್ಯೆ ಇದ್ದರೆ ಸಾಮಾನ್ಯವಾಗಿ ಆಗುತ್ತದೆ, 7100 ಎಂದಿದ್ದರೆ ಆಗುವುದಿಲ್ಲ. ಟಿಪಿಎಂ ಎಂಬ ಭದ್ರತಾ ಚಿಪ್‌ನ 2.0 ಆವೃತ್ತಿಯೂ ಬೇಕು; ಎಷ್ಟೋ ಯಂತ್ರಗಳಲ್ಲಿ ಅದು ಇದ್ದೂ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ, ಆನ್ ಮಾಡಿದರೆ ಸಾಕು. ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶ ಇಷ್ಟನ್ನೂ ನೋಡಿ ಹೇಳುತ್ತದೆ. ಹೊಸದು ಕೊಳ್ಳುವ ಮಾತು ಈ ತಪಾಸಣೆಯ ಆಮೇಲೆ. ಆದರೆ 2020-21ರಲ್ಲಿ ಆನ್‌ಲೈನ್ ಪಾಠಕ್ಕೆಂದು ತರಾತುರಿಯಲ್ಲಿ ತಂದ ಸೆಕೆಂಡ್ ಹ್ಯಾಂಡ್ ಕಚೇರಿ ಕಂಪ್ಯೂಟರುಗಳಲ್ಲಿ ಹಲವು ಎಂಟಕ್ಕಿಂತ ಹಿಂದಿನ ತಲೆಮಾರಿನವು. ನಮ್ಮ ಕಡೆಯ ನಿಜವಾದ ತೊಡಕು ಅವುಗಳದೇ.

ಅಂಥ ಮನೆಗಳಿಗೆ ಸಮಯವನ್ನು ಕೊಳ್ಳುವ ದಾರಿಯೊಂದಿದೆ. ಮನೆಬಳಕೆಯ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಇಟ್ಟಿದೆ. ಶುಲ್ಕ ಮೂವತ್ತು ಡಾಲರ್. ಆದರೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಕಂಪ್ಯೂಟರಿನ ಸೆಟ್ಟಿಂಗ್‌ಗಳ ಬ್ಯಾಕಪ್‌ಗೆ ಒಪ್ಪಿಗೆ ಕೊಟ್ಟರೆ ಅದನ್ನೂ ಕಟ್ಟಬೇಕಿಲ್ಲ. 22ಎಚ್2 ಎಂಬ ಕೊನೆಯ ಆವೃತ್ತಿ ಇರಬೇಕು, ಅಷ್ಟೇ. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲೇ ನೋಂದಣಿಯಾಗುತ್ತದೆ. ಒಂದು ವರ್ಷದಲ್ಲಿ ಏನಾದೀತು ಎಂದು ಕೇಳುವವರಿಗೆ ತೆಂಗಿನವರ ಉತ್ತರ ಸುಲಭ: ಅಟ್ಟಕ್ಕೆ ಹಾಕಿದ ಕಾಯಿ ಅಷ್ಟರೊಳಗೆ ಕೊಬ್ಬರಿಯಾಗುತ್ತದೆ. ಸಾಲ ಮಾಡದೆ, ಒಂದು ಹಂಗಾಮಿನ ದರ ನೋಡಿಕೊಂಡು ತೀರ್ಮಾನಿಸುವ ಅವಕಾಶ ಸಿಗುವುದಾದರೆ ಅದಕ್ಕೆ ಬೆಲೆಯಿದೆ. ಈ ಗಡುವು ಎಷ್ಟು ಹತ್ತಿರ ಬಂದಿದೆ ಎಂದು ನೋಡಿಕೊಂಡು ಮುಂದಿನ ಹೆಜ್ಜೆ ಇಡಬೇಕು ಎಂಬುದೂ ನಿಜ. ಆಮೇಲೆ ನೋಡೋಣ ಎನ್ನಲು ಇದು ನೆಪವಾಗಬಾರದು.

ಇನ್ನೊಂದು ದಾರಿ, ವಿಂಡೋಸ್ ಬದಲು ಲಿನಕ್ಸ್ ಎಂಬ ವ್ಯವಸ್ಥೆ. ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಕೊಂಡರೆ ನಾಲ್ಕು ಜಿಬಿ ರ‍್ಯಾಮ್‌ನ ಹಳೆಯ ಯಂತ್ರಕ್ಕೂ ರಿಪೇರಿ ಬರುತ್ತಿರುತ್ತದೆ. ಮಿಂಟ್ ಹಗುರ, ಅದರ 22ನೇ ಆವೃತ್ತಿಗೆ 2029ರವರೆಗೆ ಬೆಂಬಲವಿದೆ, ಬೆಲೆ ಸೊನ್ನೆ. ಇದು ಎಂಜಿನಿಯರುಗಳ ಆಟಿಕೆ, ಮನೆಗೆ ಆಗಿಬರುವುದಿಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪಲಾರೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಮಕ್ಕಳು ಕಲಿಯುತ್ತಿರುವುದು ಲಿನಕ್ಸ್‌ನಲ್ಲೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿ ಸೇರಿದ್ದಾರೆ. ಕನ್ನಡ ಗಣಕ ಪರಿಷತ್ತಿನ ಕಗಪ ಕೀಲಿಮಣೆ ವಿನ್ಯಾಸವೂ ಲಿನಕ್ಸ್‌ನಲ್ಲಿದೆ. ಲಿನಕ್ಸ್‌ನ ಮಿತಿಗಳು ಬೇರೆ ಕಡೆ ಇವೆ, ಮುಚ್ಚಿಡಬಾರದು. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ವಿಂಡೋಸಿಗಾಗಿಯೇ ಮಾಡಿದ್ದು. ಡಿಜಿಟಲ್ ಸಹಿಯ ಟೋಕನ್ನು, ಬೆರಳಚ್ಚಿನ ಯಂತ್ರ, ಕೆಲವು ಪ್ರಿಂಟರುಗಳು ತಕರಾರು ಮಾಡುತ್ತವೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಭಾಗಪತ್ರ, ಸಂಘದ ನಡಾವಳಿ, ತಕರಾರು ಅರ್ಜಿಗಳು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಹಳೆಯ ಯಂತ್ರ ಓಡುತ್ತಿರುವಾಗಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಪಿಡಿಎಫ್ ಪ್ರತಿಯನ್ನೂ ತೆಗೆದಿಟ್ಟುಕೊಳ್ಳುವುದು ಕ್ಷೇಮ. ಹೊಸ ವಿಂಡೋಸಿಗೆ ಹೋಗುವವರಿಗೂ ಇದು ಅನ್ವಯಿಸುತ್ತದೆ.

ಆಕ್ಷೇಪಗಳಲ್ಲಿ ತೂಕವಾದದ್ದು ಒಂದಿದೆ. ಈಗ ಜನ ಹಣ ಕಳೆದುಕೊಳ್ಳುತ್ತಿರುವುದು ವಿಂಡೋಸಿನ ಬಿರುಕಿನಿಂದ ಎಲ್ಲಿ? ಓಟಿಪಿ ಕೇಳುವ ಕರೆಯಿಂದ, ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲಿನಿಂದ, ಡಿಜಿಟಲ್ ಅರೆಸ್ಟ್ ಎಂಬ ಬೆದರಿಕೆಯಿಂದ. ಹನ್ನೊಂದು ಹಾಕಿದರೆ ಇವೆಲ್ಲ ನಿಲ್ಲುತ್ತವೆಯೇ? ನಿಲ್ಲುವುದಿಲ್ಲ. ಈ ಮಾತು ನನ್ನ ವಾದದ ಅರ್ಧಕ್ಕೆ ಬಲವನ್ನೇ ಕೊಡುತ್ತದೆ: ಅಪ್‌ಡೇಟ್ ತಡೆಯುವುದು ಒಂದು ಬಗೆಯ ಕಳ್ಳತನವನ್ನು ಮಾತ್ರ, ಆದ್ದರಿಂದ ಅದಕ್ಕೆ ಮೂರು ಕ್ವಿಂಟಲ್ ಕೊಬ್ಬರಿಯ ಬೆಲೆ ಕೊಡಬಾರದು. ಹಾಗೆಂದು ಆ ಒಂದು ಬಗೆಯನ್ನು ತೆರೆದಿಡಲೂ ಆಗದು, ಏಕೆಂದರೆ ಹಣ ಹೋದ ಮೇಲೆ ಹೊರೆ ಯಾರ ಮೇಲೆ ಎಂಬ ಪ್ರಶ್ನೆ ಏಳುತ್ತದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಇದನ್ನು ಹೀಗೆ ಗೊತ್ತುಮಾಡಿತು. ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಹಣ ಹೋದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟವಿಲ್ಲ; ನಾಲ್ಕರಿಂದ ಏಳನೇ ದಿನದೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಹೆಚ್ಚೆಂದರೆ 10,000 ರೂಪಾಯಿ; ಗ್ರಾಹಕರ ನಿರ್ಲಕ್ಷ್ಯದಿಂದ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವರದೇ. ಸಹಕಾರ ಬ್ಯಾಂಕುಗಳಿಗೂ ಅದೇ ಡಿಸೆಂಬರಿನಲ್ಲಿ ಇಂಥದೇ ಸುತ್ತೋಲೆ ಬಂತು. ಹಳೆಯ ವಿಂಡೋಸ್ ಬಳಸಿದ್ದೇ ನಿರ್ಲಕ್ಷ್ಯ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ, ಗ್ರಾಹಕರ ತಪ್ಪನ್ನು ಸಾಬೀತು ಮಾಡುವ ಹೊಣೆಯೂ ಬ್ಯಾಂಕಿನದೇ. ಆದರೂ ಕೊಬ್ಬರಿ ಮಾರಿದ ಹಣ ಖಾತೆಯಲ್ಲಿ ಕೂತಿರುವ ಹೊತ್ತಿನಲ್ಲಿ, ಆ ವಾದಕ್ಕೆ ಎಡೆಮಾಡಿಕೊಡುವ ಯಂತ್ರದ ಮುಂದೆ ಕೂರಲು ನನಗಂತೂ ಮನಸ್ಸು ಬಾರದು. ಹಣ ಹೋಯಿತೆಂದು ಕಂಡ ಕೂಡಲೇ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕೆಂಬುದನ್ನು ಮನೆಯ ಎಲ್ಲರಿಗೂ ತಿಳಿಸಿರಬೇಕು.

ಇಷ್ಟು ದಿನ ಏನೂ ಆಗಿಲ್ಲವಲ್ಲ ಎನ್ನುವವರಿಗೆ ತೆಂಗಿನ ತೋಟದ್ದೇ ನಿದರ್ಶನ ಸಾಕು: ಕೆಂಪು ಮೂತಿ ಹುಳು ಹೊಕ್ಕ ಮರ ಸುಳಿ ವಾಲುವವರೆಗೂ ಹಸಿರಾಗಿಯೇ ಕಾಣುತ್ತದೆ. ಪಾಸ್‌ವರ್ಡ್ ಕದಿಯುವ ತಂತ್ರಾಂಶಗಳೂ ಸದ್ದು ಮಾಡುವುದಿಲ್ಲ. ಆಂಟಿವೈರಸ್ ಇದೆ ಎಂಬ ಸಮಾಧಾನವೂ ಅರೆಬರೆ. ಒಳಬಂದದ್ದನ್ನು ಗುರುತಿಸುವುದು ಅದರ ಕೆಲಸ, ಬಿರುಕು ಮುಚ್ಚುವುದಲ್ಲ. ಬ್ಯಾಂಕಿನ ಕೆಲಸವೆಲ್ಲ ಫೋನಿನಲ್ಲೇ, ಕಂಪ್ಯೂಟರ್ ಬರೀ ಮಕ್ಕಳ ಪ್ರಾಜೆಕ್ಟಿಗೆ ಎನ್ನುವ ಮನೆಗಳಿಗೆ ಖರ್ಚು ಇನ್ನೂ ಕಡಿಮೆ: ಹಳೆಯದನ್ನೇ ಇಂಟರ್ನೆಟ್ ಇಲ್ಲದೆ ಇಟ್ಟುಕೊಳ್ಳಬಹುದು, ಅಥವಾ ಲಿನಕ್ಸ್ ಹಾಕಬಹುದು. ಆದರೆ ಬ್ರೌಸರಿನಲ್ಲಿ ಉಳಿದಿರುವ ಪಾಸ್‌ವರ್ಡ್‌ಗಳನ್ನು ಅಳಿಸಿ, ಇಮೇಲಿನಿಂದ ಹೊರಬಂದಿರಬೇಕು. ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸಲು ಇಮೇಲೇ ಕೀಲಿಕೈ. ಫೋನಿಗೂ ಅಪ್‌ಡೇಟ್ ನಿಲ್ಲುವ ದಿನ ಒಂದಿರುತ್ತದೆ ಎಂಬುದು ನೆನಪಿರಲಿ.

ದುಡ್ಡು ಉಳಿಸುವ ಹೆಸರಿನಲ್ಲಿ ಮಾಡಬಾರದ್ದೂ ಒಂದಿದೆ. ಐನೂರು ರೂಪಾಯಿಗೆ ಫಾರ್ಮ್ಯಾಟ್ ಹೊಡೆದು, ಕ್ರ್ಯಾಕ್ ಮಾಡಿದ ಹನ್ನೊಂದನ್ನು ಹಾಕಿಸಿಕೊಳ್ಳುವುದು. ಪರವಾನಗಿ ಇಲ್ಲದೆ ವಿಂಡೋಸನ್ನು ನಂಬಿಸುವ ಆ ಪುಟ್ಟ ತಂತ್ರಾಂಶಕ್ಕೆ ಕಂಪ್ಯೂಟರಿನ ಪೂರ್ತಿ ಅಧಿಕಾರ ಕೊಟ್ಟಿರುತ್ತೇವೆ, ಅದನ್ನು ಬರೆದವರು ಯಾರೆಂದು ತಿಳಿಯದು. ಹಳೆಯ ಯಂತ್ರಕ್ಕೆ ತಪಾಸಣೆ ತಪ್ಪಿಸಿ ಹನ್ನೊಂದು ಹಾಕುವ ಉಪಾಯವೂ ಚಲಾವಣೆಯಲ್ಲಿದೆ. ಅಂಥ ಯಂತ್ರಗಳಿಗೆ ಅಪ್‌ಡೇಟ್ ಬರುವ ಭರವಸೆ ಇಲ್ಲವೆಂದು ಮೈಕ್ರೋಸಾಫ್ಟೇ ಹೇಳಿದೆ. ರಿಪೇರಿಗೆಂದು ಹೊರಟು ರಿಪೇರಿಯನ್ನೇ ಕಳೆದುಕೊಂಡ ಹಾಗೆ. ಅಧಿಕೃತ ಅಪ್‌ಗ್ರೇಡ್‌ಗೆ ಐದಾರು ಜಿಬಿ ಡೌನ್‌ಲೋಡ್ ಬೇಕು. ದಿನಕ್ಕೆ ಎರಡು ಜಿಬಿಯ ಮೊಬೈಲ್ ಪ್ಯಾಕ್ ಸಾಲುವುದಿಲ್ಲ, ಬ್ರಾಡ್‌ಬ್ಯಾಂಡ್ ಇರುವ ಕಡೆ ಪೆನ್‌ಡ್ರೈವಿಗೆ ಇಳಿಸಿಕೊಳ್ಳುವುದು ಅಗ್ಗ. ಕರೆಂಟು ಹೋಗುವ ಹೊತ್ತಿನಲ್ಲಿ ಯುಪಿಎಸ್ ಇಲ್ಲದೆ ಶುರುಮಾಡಬಾರದು.

2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿದೆ, ಕಾದರೆ ಕಂಪ್ಯೂಟರ್ ಇನ್ನೂ ತುಟ್ಟಿಯಾದೀತು ಎಂಬ ಮಾತು ಕೇಳಿಬರುತ್ತಿದೆ. ಏರಿರುವುದು ನಿಜ. ಆದರೆ ಬೇಡದ ವಸ್ತುವನ್ನು ಬೆಲೆ ಏರೀತೆಂದು ಕೊಂಡರೆ ಅದು ಉಳಿತಾಯವಾಗುವುದಿಲ್ಲ. ಅಂಗಡಿಯ ಬಡ್ಡಿಯಿಲ್ಲದ ಕಂತಿಗೂ ಮರುಳಾಗಬೇಡಿ. ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಬೆಳೆಸಾಲದ ಹಣವನ್ನಂತೂ ಇತ್ತ ತಿರುಗಿಸಲೇಬಾರದು.

ಹೊಸ ಯಂತ್ರವನ್ನು ಈಗಲೇ ಕೊಳ್ಳಿ ಎಂದು ನಾನು ಹೇಳುವುದು ಒಂದೇ ಬಗೆಯ ಮನೆಗೆ: ಕಂಪ್ಯೂಟರಿನಿಂದಲೇ ಸಂಪಾದನೆ ಇರುವ ಮನೆಗೆ. ಟ್ಯಾಲಿಯಲ್ಲಿ ಕೊಬ್ಬರಿ ವರ್ತಕರ ಲೆಕ್ಕ ಬರೆಯುವವರು, ಜಿಎಸ್‌ಟಿ ರಿಟರ್ನ್ ತುಂಬಿಸುವವರು, ಆನ್‌ಲೈನ್ ಅರ್ಜಿಗಳ ಸೇವಾ ಕೇಂದ್ರ ನಡೆಸುವವರು ತಮ್ಮ ಹಣಕ್ಕಷ್ಟೇ ಹೊಣೆಯಲ್ಲ. ಊರವರ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳು ಆ ಯಂತ್ರದಲ್ಲಿರುತ್ತವೆ. ಅವರಿಗೆ ಇದು ದಂಧೆಯ ಖರ್ಚು. ಪೂರ್ತಿ ಲೆಕ್ಕಪುಸ್ತಕ ಇಟ್ಟು ಆದಾಯ ತೆರಿಗೆ ಕಟ್ಟುವವರಾದರೆ ಕಂಪ್ಯೂಟರಿಗೆ ಶೇ. 40ರ ಸವಕಳಿ ಸಿಗುತ್ತದೆ. ಹಣಕಾಸು ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಕೆಯಾಗಿದ್ದರೆ ಆ ವರ್ಷಕ್ಕೆ ಅದರ ಅರ್ಧ ಮಾತ್ರ. ಆದ್ದರಿಂದ ಅವರು 2026ರ ಸೆಪ್ಟೆಂಬರಿನೊಳಗೆ ಕೊಂಡು ಬಳಕೆಗೆ ತಂದರೆ ವಿಂಡೋಸ್ 10ರ ಹೆಚ್ಚುವರಿ ಅಪ್‌ಡೇಟಿನ ಗಡುವಿಗೂ ಮುಂಚಿತವಾಯಿತು, ತೆರಿಗೆಯ ಲೆಕ್ಕಕ್ಕೂ ಪೂರ್ತಿ ಸವಕಳಿ ಸಿಕ್ಕಿತು.