ಬೆಸುಗೆಯ ಬೆಳಕು: ಲೋಹಕ್ಕೂ ಕಣ್ಣಿಗೂ

ಜೋಗೇಶ್ವರಿಯ ಕೈಗಾರಿಕಾ ಗಾಲಾಗಳ ಮುಂದೆ ಹಾದುಹೋಗುವವರಿಗೆ ವಿದ್ಯುತ್ ಬೆಸುಗೆಯ ನೀಲಿ ಮಿಂಚು ಹೊಸತಲ್ಲ. ಬೆಸುಗೆಗಾರನು ಮುಖಕ್ಕೆ ಕಪ್ಪು ಗಾಜಿನ ಗುರಾಣಿಯನ್ನು ಹಿಡಿದಿರುತ್ತಾನೆ. ಸರಳನ್ನು ಅದುಮಿ ಹಿಡಿದ ಸಹಾಯಕನಾದರೋ ಅನೇಕ ವೇಳೆ ಬರಿಗಣ್ಣಿನಲ್ಲಿಯೇ ಇರುತ್ತಾನೆ. ಒಲೆಯ ಕೆಂಡದೆದುರು ಸಂಜೆಯೆಲ್ಲ ಕುಳಿತರೂ ಬಾರದ ಕಣ್ಣುನೋವು ಈ ಬೆಳಕನ್ನು ಕೆಲವೇ ನಿಮಿಷ ನೋಡಿದವನಿಗೆ ಬರುವುದೇಕೆ? ಇದರ ಮರ್ಮವನ್ನು ತಿಳಿಯಲು ಸತುವಿನ ತಗಡೊಂದರ ಪ್ರಯೋಗವನ್ನು ನೋಡಬೇಕು.

1887ರಲ್ಲಿ ಜರ್ಮನಿಯ ಹೈನ್‌ರಿಕ್ ಹರ್ಟ್ಸ್, ನೇರಳಾತೀತ ಕಿರಣಗಳು ಬಿದ್ದಾಗ ಲೋಹದ ಗುಂಡುಗಳ ನಡುವೆ ಕಿಡಿ ಸುಲಭವಾಗಿ ಹಾರುವುದನ್ನು ಗಮನಿಸಿದನು. ನಡುವೆ ಗಾಜನ್ನಿಟ್ಟರೆ ಈ ಪರಿಣಾಮ ಕುಗ್ಗುತ್ತಿತ್ತು. ಮರುವರ್ಷ ಹಾಲ್‌ವಾಕ್ಸ್ ಎಂಬಾತನು ಉಜ್ಜಿ ಶುಚಿಗೊಳಿಸಿದ ಸತುವಿನ ತಗಡಿಗೆ ಋಣ ವಿದ್ಯುತ್ತನ್ನು ತುಂಬಿ, ಅದರ ಮೇಲೆ ಚಾಪದೀಪದ ಬೆಳಕನ್ನು ಬೀಳಿಸಿದನು. ವಿದ್ಯುತ್ತು ಸೋರಿಹೋಯಿತು. ಧನ ವಿದ್ಯುತ್ತನ್ನು ತುಂಬಿದಾಗ ಹಾಗಾಗಲಿಲ್ಲ. ಚಾಪದೀಪದ ಜ್ವಾಲೆಯೂ ಬೆಸುಗೆಯ ಜ್ವಾಲೆಯೂ ಒಂದೇ ಜಾತಿಯವು ಎಂಬುದನ್ನು ಇಲ್ಲಿ ನೆನೆಯಬಹುದು. ತಗಡಿನಿಂದ ಹೊರಬೀಳುತ್ತಿದ್ದುವು ಎಲೆಕ್ಟ್ರಾನುಗಳೆಂದು ಮುಂದೆ ತಿಳಿದುಬಂತು.

ವಿಚಿತ್ರವೆಂದರೆ, ಕೆಂಪು ಬೆಳಕನ್ನು ಎಷ್ಟು ಪ್ರಖರಗೊಳಿಸಿದರೂ ಸತುವಿನಿಂದ ಒಂದು ಎಲೆಕ್ಟ್ರಾನೂ ಕದಲದು. ಮಂದವಾದ ನೇರಳಾತೀತ ಕಿರಣ ಸಾಕು, ಅದು ಒಡನೆಯೇ ಹೊರಬರುತ್ತದೆ. 1905ರಲ್ಲಿ ಐನ್‌ಸ್ಟೈನ್ ಇದನ್ನು ಬಿಡಿಸಿದನು. ಬೆಳಕು ತನ್ನ ಶಕ್ತಿಯನ್ನು ಕಣಕಣವಾಗಿ ಕೊಡುತ್ತದೆ; ಒಂದು ಎಲೆಕ್ಟ್ರಾನಿಗೆ ಒಂದು ಕಣ. ಹಿಂದೆ ರೈಲು ನಿಲ್ದಾಣಗಳಲ್ಲಿದ್ದ ತೂಕದ ಯಂತ್ರವು ನಿಗದಿಯಾದ ನಾಣ್ಯ ಬಿದ್ದಲ್ಲದೆ ಚೀಟಿಯನ್ನು ಕೊಡುತ್ತಿರಲಿಲ್ಲ. ಚಿಲ್ಲರೆಯನ್ನು ರಾಶಿ ಸುರಿದರೂ ಅದಕ್ಕೆ ಲೆಕ್ಕವಿಲ್ಲ. ಸತುವು ಕೇಳುವ ಬೆಲೆ ಸುಮಾರು 4.3 ಎಲೆಕ್ಟ್ರಾನ್ ವೋಲ್ಟ್. ಕೆಂಪು ಬೆಳಕಿನ ಕಣದಲ್ಲಿ 2ಕ್ಕೂ ಕಡಿಮೆ, ನೇರಳೆಯದರಲ್ಲಿ ಸುಮಾರು 3. ನೇರಳಾತೀತವಾದರೆ ಮಾತ್ರ ಬೆಲೆ ತೀರುತ್ತದೆ. ಈ ವಿವರಣೆಗಾಗಿಯೇ ಐನ್‌ಸ್ಟೈನನಿಗೆ 1921ರ ನೊಬೆಲ್ ಪಾರಿತೋಷಕ ಸಂದಿತು. ಅವನ ಹೆಸರಿನೊಡನೆ ಜನ ನೆನೆಯುವ ಸಾಪೇಕ್ಷತಾವಾದಕ್ಕಲ್ಲ.

ಕಣ್ಣು ಲೋಹವಲ್ಲ, ನಿಜ. ಆದರೆ ಲೆಕ್ಕ ಇದೇ. ಕೆಂಡದ ಬೆಳಕಿನ ಕಣಗಳು ಎಷ್ಟೇ ಬಿದ್ದರೂ ಮಾಡಲಾರದ ರಾಸಾಯನಿಕ ಹಾನಿಯನ್ನು ನೇರಳಾತೀತದ ಕಣವೊಂದೊಂದೂ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ ಜೀವಕೋಶಗಳಲ್ಲಿ ಮಾಡಬಲ್ಲುದು. ಆಗ ನೋವಿರುವುದಿಲ್ಲ, ಅದೇ ಮೋಸ. ಆರರಿಂದ ಹನ್ನೆರಡು ಗಂಟೆಗಳ ತರುವಾಯ, ಸಾಮಾನ್ಯವಾಗಿ ನಡುರಾತ್ರಿಯಲ್ಲಿ, ಕಣ್ಣಿಗೆ ಮರಳು ಹೊಯ್ದಂತಾಗಿ ನೀರು ಸುರಿಯುತ್ತದೆ, ದೀಪವನ್ನು ನೋಡಲಾಗದು. ಬಹುಮಟ್ಟಿಗೆ ಒಂದೆರಡು ದಿನಗಳಲ್ಲಿ ಗುಣವಾಗುತ್ತದೆಯಾದರೂ ವೈದ್ಯರಿಗೆ ತೋರಿಸುವುದು ಅಗತ್ಯ. ಹಾಲಿನ ಹನಿ, ಆಲೂಗಡ್ಡೆಯ ರಸ ಮುಂತಾದುವನ್ನು ಕಣ್ಣಿಗೆ ಹಾಕಿದರೆ ಸೋಂಕು ತಗಲೀತು. ನೋವನ್ನು ಮರಗಟ್ಟಿಸುವ ಹನಿಮದ್ದನ್ನು ತಾವಾಗಿಯೇ ಮತ್ತೆ ಮತ್ತೆ ಹಾಕಿಕೊಂಡರೆ ಗಾಯ ಮಾಯುವುದು ತಡವಾಗುತ್ತದೆ. ಬಿಸಿಲ ಕನ್ನಡಕವು ಬೆಸುಗೆಯ ಬೆಳಕಿಗೆ ಸಾಲದು. ಸಹಾಯಕನಿಗೂ ಬೆಸುಗೆಗಾರನದೇ ತರದ ಗುರಾಣಿ ಬೇಕು, ದಾರಿಗೆ ಮುಖಮಾಡಿದ ಗಾಲಾಗಳಿಗೆ ಪರದೆಯೂ ಬೇಕು.

ಎಲ್ಲ ಲೋಹಗಳೂ ಸತುವಿನಷ್ಟು ಬಿಗಿಮುಷ್ಟಿಯವಲ್ಲ. ಸೀಸಿಯಂ ಸುಮಾರು 2.1 ಎಲೆಕ್ಟ್ರಾನ್ ವೋಲ್ಟಿಗೇ ತೃಪ್ತಿಪಡುವುದರಿಂದ ಕಣ್ಣಿಗೆ ಕಾಣುವ ನೀಲಿ ಬೆಳಕೂ ಅದಕ್ಕೆ ಸಾಕು. ಪರೇಲಿನಲ್ಲಿ 1963ರಲ್ಲಿ ಆರಂಭವಾದ ರೇಡಿಯೇಷನ್ ಮೆಡಿಸಿನ್ ಸೆಂಟರಿನಂತಹ ಕಡೆ ಥೈರಾಯ್ಡ್ ರೋಗಿಗಳ ಪರೀಕ್ಷೆಗೆ ಬಳಸುವ ಗಾಮಾ ಕ್ಯಾಮರಾ ಈ ಗುಣವನ್ನೇ ಅವಲಂಬಿಸಿದೆ. ರೋಗಿಯ ಕೊರಳಿನಿಂದ ಹೊಮ್ಮಿದ ಗಾಮಾ ಕಿರಣವು ಸೋಡಿಯಂ ಅಯೊಡೈಡ್ ಹರಳಿಗೆ ತಗುಲಿ ನೀಲಿಯ ಮಿಣುಕೊಂದನ್ನು ಹುಟ್ಟಿಸುತ್ತದೆ. ಆ ಮಿಣುಕು ಸೀಸಿಯಂ ಬೆರೆತ ಲೇಪದಿಂದ ಎಲೆಕ್ಟ್ರಾನುಗಳನ್ನು ಎಬ್ಬಿಸುತ್ತದೆ. ಒಂದೊಂದೂ ಮುಂದಿನ ಫಲಕದಿಂದ ಹಲವನ್ನು ಹೊಡೆದೆಬ್ಬಿಸುತ್ತ ಸಾಗಿ, ಕೊನೆಗೆ ಹತ್ತು ಲಕ್ಷದಷ್ಟಾಗಿ, ವೈದ್ಯರ ತೆರೆಯ ಮೇಲೆ ಒಂದು ಚುಕ್ಕೆಯಾಗುತ್ತದೆ. ಅಂತಹ ಅಸಂಖ್ಯ ಚುಕ್ಕೆಗಳು ಕೂಡಿ ಗ್ರಂಥಿಯ ಚಿತ್ರ ಮೂಡುತ್ತದೆ.